ಬಂದವರ ಲೆಕ್ಕ, ಬಾರದವರ ಲೆಕ್ಕ

ಬೆಂಗಳೂರು–ಚೆನ್ನೈ ನಡುವೆ ರೈಲಿನಲ್ಲಿ ಓಡಾಡುವ ನಮ್ಮಂಥವರಿಗೆ ಕಾಟ್ಪಾಡಿ ಚೆನ್ನಾಗಿ ಗೊತ್ತು. ಹೌರಾ ಕಡೆಯಿಂದ ಬರುವ ಗಾಡಿ ಅಲ್ಲಿ ನಿಂತಿತೆಂದರೆ ಪ್ಲಾಟ್‌ಫಾರಂ ತುಂಬ ಬಂಗಾಳಿ ಮಾತು ಕೇಳುತ್ತದೆ. ಇಳಿದವರ ಕೈಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ತುಂಬಿದ ದೊಡ್ಡ ಕವರು. ಅವರೆಲ್ಲ ಆಟೊ ಹಿಡಿದು ಹೋಗುವುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ, ಅಂದರೆ ಸಿಎಂಸಿಗೆ. ಆಸ್ಪತ್ರೆ ಸುತ್ತಲಿನ ಬೀದಿಗಳಲ್ಲಿ ತಮಿಳಿನ ಜೊತೆಗೆ ಬಂಗಾಳಿ ಬೋರ್ಡುಗಳು, ಮೀನು–ಅನ್ನದ ಹೋಟೆಲುಗಳು, ಅಡುಗೆ ಮಾಡಿಕೊಳ್ಳಲು ಒಲೆ–ಪಾತ್ರೆ ಸಮೇತ ಸಿಗುವ ಲಾಡ್ಜ್ ಕೋಣೆಗಳು ಇವೆ. ಬಂದವರಲ್ಲಿ ಕೆಲವರು ಪಶ್ಚಿಮ ಬಂಗಾಳದವರು, ಇನ್ನು ಕೆಲವರು ಗಡಿಯಾಚೆಯ ಬಾಂಗ್ಲಾದೇಶದವರು.

ಚೆನ್ನೈನಲ್ಲಿ ಆರೋಗ್ಯ ಕ್ಷೇತ್ರದ ಅಂಕಿ-ಅಂಶಗಳ ಜೊತೆ ಕೆಲಸ ಮಾಡುವ ನನಗೆ ಆಗಾಗ ಎದುರಾಗುವ ಪ್ರಶ್ನೆ ಒಂದಿದೆ: ಇಷ್ಟು ದೂರ ಜನ ಯಾಕೆ ಬರುತ್ತಾರೆ? ಕೇಳಿದವರೇ ಉತ್ತರವನ್ನೂ ಹೇಳಿಬಿಡುತ್ತಾರೆ: 'ಇಲ್ಲಿ ಚೀಪ್ ಅಲ್ವಾ!' ಅಮೆರಿಕದಿಂದಲೋ ಕೊಲ್ಲಿ ದೇಶದಿಂದಲೋ ಬರುವವರ ಮಟ್ಟಿಗೆ ಆ ಉತ್ತರ ಸರಿಯಿರಬಹುದು. ಆದರೆ ಭಾರತಕ್ಕೆ ಚಿಕಿತ್ಸೆಗೆ ಬರುವ ವಿದೇಶಿಯರಲ್ಲಿ ಅತಿ ಹೆಚ್ಚು ಜನ ಬಾಂಗ್ಲಾದೇಶದವರು. ಅಲ್ಲಿನ ಜಿಲ್ಲಾ ಪಟ್ಟಣದ ಒಬ್ಬ ಮೇಷ್ಟ್ರಿಗೆ ಪಾಸ್‌ಪೋರ್ಟ್, ವೀಸಾ, ಇಬ್ಬರು ಮೂವರ ಪ್ರಯಾಣ, ತಿಂಗಳುಗಟ್ಟಲೆ ಲಾಡ್ಜ್ ಬಾಡಿಗೆ ಎಲ್ಲ ಸೇರಿದರೆ ಅದು ಅಗ್ಗ ಹೇಗಾದೀತು? ಈ ಪ್ರಶ್ನೆಗೆ ಊಹೆಯ ಬದಲು ಲೆಕ್ಕದಿಂದ ಉತ್ತರ ಹುಡುಕಬಹುದು. ಆದರೆ ಆ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದನ್ನೂ ತಿಳಿದಿರಬೇಕು.

ಆರು ಲಕ್ಷ ಎಂದರೆ ಎಷ್ಟು ರೋಗಿಗಳು?

ಮೊದಲು ಎಣಿಕೆಯನ್ನೇ ನೋಡೋಣ. ಪ್ರವಾಸೋದ್ಯಮ ಸಚಿವಾಲಯದ ಅಂಕಿ-ಅಂಶದ ಪ್ರಕಾರ 2019ರಲ್ಲಿ ವೈದ್ಯಕೀಯ ಕಾರಣಕ್ಕೆ ಭಾರತಕ್ಕೆ ಬಂದ ವಿದೇಶಿಯರು ಸುಮಾರು 6.97 ಲಕ್ಷ. ಕೋವಿಡ್ ಬಂದ 2020ರಲ್ಲಿ ಅದು 1.83 ಲಕ್ಷಕ್ಕೆ ಕುಸಿಯಿತು. 2023ರ ಹೊತ್ತಿಗೆ ಮತ್ತೆ 6 ಲಕ್ಷ ದಾಟಿತು.

ಇದು 6 ಲಕ್ಷ ರೋಗಿಗಳ ಲೆಕ್ಕ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದಂತೆ. ರೋಗಿಯ ಜೊತೆ ಬರುವ ಮಗನಿಗೋ ಹೆಂಡತಿಗೋ ಬೇರೆ ವೀಸಾ ಇದೆ, ಒಬ್ಬ ರೋಗಿಯ ಜೊತೆ ಇಬ್ಬರು ಬರಬಹುದು. ಒಬ್ಬರೇ ರೋಗಿ ವರ್ಷಕ್ಕೆ ಮೂರು ಸಲ ಬಂದರೆ ಅದು ಮೂರು ಆಗಮನ. ಇನ್ನೊಂದು ಕಡೆ, ಪ್ರವಾಸಿ ವೀಸಾದಲ್ಲಿ ಬಂದು ವೈದ್ಯರಿಗೆ ತೋರಿಸಿಕೊಂಡು ಹೋಗುವವರು ಈ ಪಟ್ಟಿಗೆ ಸಿಗುವುದೇ ಇಲ್ಲ.

ವ್ಯಾಖ್ಯಾನ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ 2008ರ ಎರಡು ವರದಿಗಳೇ ಸಾಕು. 2007ರಲ್ಲಿ ಅಮೆರಿಕದಿಂದಲೇ ಏಳೂವರೆ ಲಕ್ಷ ಜನ ಚಿಕಿತ್ಸೆಗೆ ಹೊರದೇಶಕ್ಕೆ ಹೋದರು ಎಂದು ಡೆಲಾಯ್ಟ್ ಅಂದಾಜು ಮಾಡಿತು. ಅದೇ ಹೊತ್ತಿಗೆ ಮೆಕಿನ್ಸಿ ಇಡೀ ಜಗತ್ತಿನ ಲೆಕ್ಕ ಹಾಕಿ, ವರ್ಷಕ್ಕೆ 60 ಸಾವಿರದಿಂದ 85 ಸಾವಿರ ಎಂದಿತು. ಹಾಗೆಂದು ಯಾರೂ ಸುಳ್ಳು ಹೇಳಿರಲಿಲ್ಲ. ಚಿಕಿತ್ಸೆಗೆಂದೇ ಹೋಗಿ ಆಸ್ಪತ್ರೆಯಲ್ಲಿ ದಾಖಲಾದವರನ್ನು ಮಾತ್ರ ಮೆಕಿನ್ಸಿ ಎಣಿಸಿತ್ತು. ಯಾರನ್ನು ಎಣಿಸಬೇಕು ಎಂಬ ತೀರ್ಮಾನದಲ್ಲೇ ಅರ್ಧ ಉತ್ತರ ನಿರ್ಧಾರವಾಗಿರುತ್ತದೆ.

ದೂರದ ಸೂತ್ರ

ಜನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಬಳಸುವ ಹಳೆಯ ಸಾಧನದ ಹೆಸರು ಗ್ರಾವಿಟಿ ಮಾಡೆಲ್. ನ್ಯೂಟನ್ನನ ಗುರುತ್ವಾಕರ್ಷಣೆಯಂತೆಯೇ: ಎರಡು ಊರು ದೊಡ್ಡದಾದಷ್ಟೂ ಓಡಾಟ ಹೆಚ್ಚು, ನಡುವಿನ ಅಂತರ ಹೆಚ್ಚಿದಷ್ಟೂ ಓಡಾಟ ಕಡಿಮೆ. 1962ರಲ್ಲಿ ನೆದರ್ಲೆಂಡ್ಸ್‌ನ ಯಾನ್ ಟಿನ್ಬರ್ಗನ್ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಇದನ್ನು ಬಳಸಿದರು. ಈಗ ವಲಸೆ, ಪ್ರವಾಸ, ಚಿಕಿತ್ಸೆಯ ಪ್ರಯಾಣ ಎಲ್ಲಕ್ಕೂ ಬಳಕೆಯಲ್ಲಿದೆ. ಜನಸಂಖ್ಯೆ, ಆದಾಯ, ದೂರದ ಜೊತೆಗೆ ಒಂದೇ ಭಾಷೆಯೇ, ನೇರ ವಿಮಾನ ಉಂಟೇ, ವೀಸಾ ಸಿಗುತ್ತದೆಯೇ ಎಂಬುದನ್ನೂ ಸಮೀಕರಣಕ್ಕೆ ಸೇರಿಸುತ್ತಾರೆ.

ಬಾಂಗ್ಲಾದೇಶದ ರೋಗಿಗೆ ಇದನ್ನು ಅನ್ವಯಿಸಿ ನೋಡಿ. ಕೋಲ್ಕತ್ತ ಹತ್ತಿರ. ಭಾಷೆ ಒಂದೇ, ಊಟ ಒಂದೇ, ದೊಡ್ಡ ಆಸ್ಪತ್ರೆಗಳೂ ಇವೆ. ಸೂತ್ರದ ಪ್ರಕಾರ ಎಲ್ಲರೂ ಅಲ್ಲೇ ನಿಲ್ಲಬೇಕು. ಬಹಳ ಜನ ನಿಲ್ಲುತ್ತಾರೆ ಕೂಡ. ಆದರೆ ದೊಡ್ಡ ಸಂಖ್ಯೆಯಲ್ಲಿ ಜನ ಕೋಲ್ಕತ್ತ ದಾಟಿ, 1,700 ಕಿ.ಮೀ.ಗೂ ಹೆಚ್ಚು ದೂರ ರೈಲಿನಲ್ಲಿ ಕೂತು, ಭಾಷೆ ತಿಳಿಯದ ವೆಲ್ಲೂರಿಗೆ, ಚೆನ್ನೈಗೆ, ನಮ್ಮ ಬೆಂಗಳೂರಿಗೆ ಬರುತ್ತಾರೆ.

ಮಾಡೆಲ್ ಹೇಳಿದ್ದಕ್ಕೂ ನಿಜವಾಗಿ ಆದದ್ದಕ್ಕೂ ನಡುವಿನ ವ್ಯತ್ಯಾಸವನ್ನು ನಾವು ಶೇಷ ಎನ್ನುತ್ತೇವೆ. ಕಲಿಯುವುದಿರುವುದು ಆ ಶೇಷದಲ್ಲೇ. ದೂರ, ಭಾಷೆ, ಆದಾಯ ಎಲ್ಲವನ್ನೂ ಕಳೆದ ಮೇಲೂ ವೆಲ್ಲೂರಿನ ಎದುರು ಏನೋ ಉಳಿಯುತ್ತದೆ. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆ ಅದು. 'ನಮ್ಮ ಚಿಕ್ಕಪ್ಪ ಅಲ್ಲೇ ಹುಷಾರಾದದ್ದು' ಎಂಬ ಮಾತು ಒಂದು ಊರಿಂದ ಇನ್ನೊಂದು ಊರಿಗೆ, ಒಂದು ತಲೆಮಾರಿಂದ ಇನ್ನೊಂದಕ್ಕೆ ಹಬ್ಬಿದೆ. ಹಿಂದಿನ ವರ್ಷಗಳಲ್ಲಿ ಆ ಊರಿಂದ ಎಷ್ಟು ಜನ ಬಂದಿದ್ದರು ಎಂಬ ಅಂಶವನ್ನು ಸಮೀಕರಣಕ್ಕೆ ಸೇರಿಸಿದರೆ ಶೇಷದ ಒಂದು ಭಾಗಕ್ಕೆ ಕಾರಣ ಸಿಗುತ್ತದೆ. ಹೋಗಿ ಬಂದವರ ಮಾತೇ ದಾರಿ ಮಾಡಿಕೊಡುತ್ತದೆ.

ಹಬ್ಬಕ್ಕೆ ಊರಿಗೆ ಹೋಗುವ ಗಣಿತ

ಗ್ರಾವಿಟಿ ಮಾಡೆಲ್ ಗುಂಪನ್ನು ನೋಡುತ್ತದೆ. ಒಬ್ಬ ಮನುಷ್ಯ ಹೇಗೆ ನಿರ್ಧಾರ ಮಾಡುತ್ತಾನೆ ಎಂಬುದಕ್ಕೆ ಇನ್ನೊಂದು ಸಾಧನ ಬೇಕು. ಹೊರನಾಡಿನಲ್ಲಿರುವ ನಮಗೆ ಅದು ಅನುಭವದಲ್ಲೇ ಇದೆ. ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೋ ಹೈದರಾಬಾದಿನಿಂದ ಕಲಬುರಗಿಗೋ ಹೋಗಬೇಕು. ರೈಲಿಗೆ ದುಡ್ಡು ಕಡಿಮೆ, ಆದರೆ ವೇಟಿಂಗ್ ಲಿಸ್ಟ್. ಬಸ್ಸಿನ ದರ ಹಬ್ಬಕ್ಕೆ ದುಪ್ಪಟ್ಟು. ಕಾರು ಮಾಡಿಕೊಂಡರೆ ಮಕ್ಕಳಿಗೆ ಆರಾಮ. ಯಾರೂ ಪೆನ್ನು ಹಿಡಿದು ಅಂಕ ಹಾಕುವುದಿಲ್ಲ, ಆದರೂ ಮನಸ್ಸಿನಲ್ಲಿ ತಕ್ಕಡಿ ತೂಗುತ್ತಿರುತ್ತದೆ. ಇಂಥ ಸಾವಿರಾರು ಆಯ್ಕೆಗಳನ್ನು ಒಟ್ಟು ಹಾಕಿದರೆ, ಒಂದು ಗಂಟೆ ಉಳಿಸಲು ಜನ ಎಷ್ಟು ರೂಪಾಯಿ ಕೊಡಲು ಸಿದ್ಧ ಎಂಬುದನ್ನು ಲೆಕ್ಕ ಹಾಕಬಹುದು.

ಇದಕ್ಕೆ ಗಟ್ಟಿ ತಳಹದಿ ಹಾಕಿದವರು ಅಮೆರಿಕದ ಡೇನಿಯಲ್ ಮ್ಯಾಕ್‌ಫ್ಯಾಡನ್. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ 'ಬಾರ್ಟ್' ರೈಲು ಶುರುವಾಗುವ ಮುನ್ನ, ಪ್ರಯಾಣಿಕರಲ್ಲಿ ಶೇ 15ರಷ್ಟು ಜನ ಅದನ್ನು ಬಳಸುತ್ತಾರೆ ಎಂದು ಅಧಿಕೃತ ಅಂದಾಜಿತ್ತು. ಮ್ಯಾಕ್‌ಫ್ಯಾಡನ್ ಅವರ ಮಾಡೆಲ್ ಶೇ 6.3 ಎಂದಿತು. ರೈಲು ಓಡಿದ ಮೇಲೆ ನಿಜವಾಗಿ ಬಳಸಿದವರು ಶೇ 6.2.

ಆಸ್ಪತ್ರೆಯ ಆಯ್ಕೆಗೂ ಇದೇ ಲಾಜಿಟ್ ಮಾಡೆಲ್ ಬಳಸುತ್ತಾರೆ. ಖರ್ಚು, ಕಾಯುವ ದಿನ, ದೂರ, ವೈದ್ಯರ ಮೇಲಿನ ಭರವಸೆ ಒಂದೊಂದಕ್ಕೂ ಎಷ್ಟು ತೂಕ? ಕೆಲವು ಅಧ್ಯಯನಗಳಲ್ಲಿ ಜನರ ಮುಂದೆ ಕಾರ್ಡುಗಳನ್ನು ಇಟ್ಟು ಕೇಳುತ್ತಾರೆ: ಈ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಆದರೆ ಎರಡು ತಿಂಗಳು ಕಾಯಬೇಕು, ಆ ಆಸ್ಪತ್ರೆ ದೂರ, ಆದರೆ ವೈದ್ಯರು ಕೂರಿಸಿ ಮಾತಾಡುತ್ತಾರೆ. ಯಾವುದು ನಿಮ್ಮ ಆಯ್ಕೆ? 'ನಿಮಗೆ ಯಾವುದು ಮುಖ್ಯ?' ಎಂದು ನೇರವಾಗಿ ಕೇಳಿದರೆ ಎಲ್ಲರೂ ಎಲ್ಲವೂ ಮುಖ್ಯ ಎನ್ನುತ್ತಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದಾಗಲೇ ತೂಕ ಗೊತ್ತಾಗುವುದು.

ಈ ತಕ್ಕಡಿಯಲ್ಲಿ ವೈದ್ಯರ ಸಮಯವೂ ಒಂದು ಬಟ್ಟು. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಮಾಹಿತಿ ಕಲೆಹಾಕಿದ ವಿಮರ್ಶೆಯೊಂದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂತು. ಸ್ವೀಡನ್ನಿನಲ್ಲಿ 22.5 ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದೂ ಹೆಮ್ಮೆಪಡುವ ಅಂಕಿಯಲ್ಲ, ಎರಡು ನಿಮಿಷದ ಆಸುಪಾಸು. 48 ಸೆಕೆಂಡಿನಲ್ಲಿ ಎಲ್ಲಿ ನೋವು ಎಂದು ಹೇಳಿ ಮುಗಿಸುವುದೇ ಕಷ್ಟ. ಇದರ ಜೊತೆಗೆ ಆ ದೇಶದಲ್ಲಿ ಒಟ್ಟು ಆರೋಗ್ಯ ವೆಚ್ಚದ ಮೂರನೇ ಎರಡು ಪಾಲಿಗೂ ಹೆಚ್ಚು ಜನರ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಹೇಗೂ ಕೈಯಿಂದಲೇ ಕೊಡಬೇಕಾದ ಮೇಲೆ, ರೋಗ ಏನೆಂದು ಸರಿಯಾಗಿ ಹೇಳುತ್ತಾರೆಂಬ ನಂಬಿಕೆ ಇರುವ ಕಡೆ ಕೊಡೋಣ ಎಂದು ಒಂದು ಕುಟುಂಬ ಯೋಚಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಅವರನ್ನು ಇಲ್ಲಿನ ಅಗ್ಗದ ದರ ಸೆಳೆಯುವುದಕ್ಕಿಂತ ಅಲ್ಲಿನ ಅಪನಂಬಿಕೆ ನೂಕುತ್ತದೆ.

ಸರದಿಯಲ್ಲಿ ಕಾಣದವರು

ಮೇಲೆ ಹೇಳಿದ 2008ರ ಮೆಕಿನ್ಸಿ ಅಧ್ಯಯನ ಕಾರಣಗಳನ್ನೂ ವಿಂಗಡಿಸಿತ್ತು. ಶೇ 40ರಷ್ಟು ಜನ ಹೋಗಿದ್ದು ಅತ್ಯಾಧುನಿಕ ತಂತ್ರಜ್ಞಾನ ಹುಡುಕಿಕೊಂಡು, ಶೇ 32 ಇನ್ನೂ ಉತ್ತಮ ಚಿಕಿತ್ಸೆಗೆ, ಶೇ 15 ಬೇಗ ಸಿಗಲೆಂದು. ಅಗತ್ಯ ಚಿಕಿತ್ಸೆ ಕಡಿಮೆ ಖರ್ಚಿನಲ್ಲಿ ಆಗಲೆಂದು ಹೋದವರು ಶೇ 9 ಮಾತ್ರ. ಹಾಗಾದರೆ ಹಣ ದೊಡ್ಡ ವಿಷಯವೇ ಅಲ್ಲ ಎನ್ನೋಣವೇ?

ಇಲ್ಲಿ ನಿಲ್ಲಬೇಕು. ಆ ಉತ್ತರಗಳು ಯಾರವು? ಹಾಸಿಗೆ ತಲುಪಿದವರವು. ಹಣವೇ ಅಡ್ಡಿಯಾದವರು ಮನೆಯಲ್ಲೇ ಉಳಿದರು. ಅವರ ಉತ್ತರ ಈ ಸ್ಯಾಂಪಲ್ಲಿನಲ್ಲಿ ಇಲ್ಲ. ಆಸ್ಪತ್ರೆಯ ಸರದಿಯಲ್ಲಿ ನಿಂತು ಹಣ ಮುಖ್ಯವೇ ಎಂದು ಕೇಳುವುದು, ಮದುವೆ ಊಟದ ಪಂಕ್ತಿಯಲ್ಲಿ ನಿಂತು ನಿಮಗೆ ಕರೆಯೋಲೆ ಸಿಕ್ಕಿತ್ತೇ ಎಂದು ಕೇಳಿದ ಹಾಗೆ.

ಈ ತೊಡಕನ್ನು ಬಿಡಿಸಲು ದಾರಿ ತೋರಿಸಿದವರು ಜೇಮ್ಸ್ ಹೆಕ್‌ಮನ್. ಅವರೆದುರು ಇದ್ದದ್ದು ಮಹಿಳೆಯರ ಸಂಬಳದ ಪ್ರಶ್ನೆ. ಕೆಲಸಕ್ಕೆ ಹೋಗುವ ಮಹಿಳೆಯರ ಸಂಬಳ ಮಾತ್ರ ನಮಗೆ ಕಾಣುತ್ತದೆ. ಸಿಗುವ ಸಂಬಳ ಸಾಲದು ಎಂದು ಮನೆಯಲ್ಲೇ ಉಳಿದವರದ್ದು ಕಾಣುವುದಿಲ್ಲ. ಕಂಡವರ ಸರಾಸರಿಯನ್ನೇ ಎಲ್ಲರ ಸರಾಸರಿ ಎಂದುಕೊಂಡರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಅದಕ್ಕೆ ಅವರು ಲೆಕ್ಕವನ್ನು ಎರಡು ಹಂತದಲ್ಲಿ ಮಾಡಿದರು. ಮೊದಲು, ಒಬ್ಬರು ನಮ್ಮ ಸ್ಯಾಂಪಲ್ಲಿನೊಳಗೆ ಬರುವ ಸಾಧ್ಯತೆ ಎಷ್ಟು ಎಂಬುದರ ಅಂದಾಜು. ಆಮೇಲೆ ಅದನ್ನು ಸರಿದೂಗಿಸಿ ಮೂಲ ಪ್ರಶ್ನೆಗೆ ಉತ್ತರ. ಅರ್ಥಶಾಸ್ತ್ರದ 2000ನೇ ಸಾಲಿನ ನೊಬೆಲ್ ಪುರಸ್ಕಾರ ಮ್ಯಾಕ್‌ಫ್ಯಾಡನ್ ಮತ್ತು ಹೆಕ್‌ಮನ್ ಇಬ್ಬರಿಗೂ ಸೇರಿ ಬಂತು. ಜನ ಹೇಗೆ ಆರಿಸುತ್ತಾರೆ ಎಂಬುದು ಒಬ್ಬರ ವಿಷಯ, ನಿಮ್ಮ ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬುದು ಇನ್ನೊಬ್ಬರದು. ಚಿಕಿತ್ಸೆಗೆ ಗಡಿ ದಾಟುವವರ ಅಧ್ಯಯನಕ್ಕೆ ಎರಡೂ ಬೇಕು.

ಹೆಕ್‌ಮನ್ ವಿಧಾನಕ್ಕೆ ಒಂದು ವಿಶೇಷ ಅಂಶ ಬೇಕಾಗುತ್ತದೆ. ಅದು ಪ್ರಯಾಣ ಸಾಧ್ಯವೇ ಎಂಬುದರ ಮೇಲೆ ಪರಿಣಾಮ ಬೀರಬೇಕು, ಆದರೆ ರೋಗಿಗೆ ಯಾವ ಚಿಕಿತ್ಸೆ ಬೇಕು ಎಂಬುದರ ಮೇಲೆ ಬೀರಬಾರದು. ಉದಾಹರಣೆಗೆ, ಮನೆಯಿಂದ ವೀಸಾ ಅರ್ಜಿ ಕೇಂದ್ರಕ್ಕೆ ಇರುವ ದೂರ. ಕೇಂದ್ರ ದೂರವಿದ್ದ ಮಾತ್ರಕ್ಕೆ ಮೂತ್ರಪಿಂಡದ ಕಾಯಿಲೆ ಹೆಚ್ಚುವುದಿಲ್ಲ, ಆದರೆ ಅರ್ಜಿ ಹಾಕುವವರು ಕಡಿಮೆಯಾಗುತ್ತಾರೆ. ಇದೂ ದೋಷವಿಲ್ಲದ ಅಂಶವಲ್ಲ. ವೀಸಾ ಕೇಂದ್ರ ಇರುವುದು ದೊಡ್ಡ ಪಟ್ಟಣದಲ್ಲಿ, ಒಳ್ಳೆಯ ಆಸ್ಪತ್ರೆ ಇರುವುದೂ ಅಲ್ಲೇ. ಎರಡನ್ನೂ ಬಿಡಿಸಿ ನೋಡುವುದರಲ್ಲೇ ಸಂಖ್ಯಾಶಾಸ್ತ್ರಜ್ಞನ ಬೆವರು ಇಳಿಯುವುದು.

ಆಸ್ಪತ್ರೆಗಳು ಪ್ರಕಟಿಸುವ 'ರೋಗಿಗಳ ತೃಪ್ತಿ' ಸಮೀಕ್ಷೆಗೂ ಇದೇ ಮಾತು. ಫಾರಂ ತುಂಬುವವರು ಗುಣವಾಗಿ ಊರಿಗೆ ಹೊರಟವರು. ದುಡ್ಡು ಮುಗಿದು ನಡುವೆಯೇ ಎದ್ದುಹೋದವರಿಗೆ ಆ ಫಾರಂ ಕೊಡುವವರು ಯಾರು?

ಬಾಗಿಲು ಮುಚ್ಚಿದಾಗ

ವೀಸಾ ಎಂಬುದು ನಮ್ಮ ಸಮೀಕರಣದಲ್ಲಿ ಬರೀ 0 ಅಥವಾ 1. ಅದು ಬದಲಾದ ದಿನ ಏನಾಗುತ್ತದೆ ಎಂಬುದನ್ನು ಇತಿಹಾಸ ಆಗಾಗ ತೋರಿಸುತ್ತದೆ. ಸಂಸತ್ತಿನ ಮೇಲಿನ ದಾಳಿಯ ನಂತರ ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು 2003ರ ಜುಲೈಯಲ್ಲಿ ಮತ್ತೆ ಓಡಿತು. ಲಾಹೋರಿನಿಂದ ಆ ಬಸ್ಸಿನಲ್ಲಿ ಬಂದವರಲ್ಲಿ ಎರಡೂವರೆ ವರ್ಷದ ಒಂದು ಮಗುವೂ ಇತ್ತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಅದರ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಎರಡೂ ದೇಶದ ಜನ ಆ ಮಗುವಿಗಾಗಿ ಪ್ರಾರ್ಥಿಸಿದ್ದನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು. 0 ಎಂಬುದು 1 ಆದಾಗ ಒಂದು ಮಗು ಬಂತು. ಬಸ್ಸು ನಿಂತಿದ್ದ ಒಂದೂವರೆ ವರ್ಷದಲ್ಲಿ ಬರಬೇಕಿದ್ದವರ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ.

2024ರ ಆಗಸ್ಟ್‌ನಲ್ಲಿ ಇದರ ತಿರುಗುಮುರುಗು ಆಯಿತು. ಶೇಖ್ ಹಸೀನಾ ಅಧಿಕಾರ ಕಳೆದುಕೊಂಡ ನಂತರ ಬಾಂಗ್ಲಾದೇಶದಲ್ಲಿನ ಭಾರತದ ವೀಸಾ ಕೇಂದ್ರಗಳು ಮುಚ್ಚಿದವು. ಮತ್ತೆ ತೆರೆದಾಗಲೂ ವೈದ್ಯಕೀಯ ವೀಸಾ ಸಿಕ್ಕಿದ್ದು ಕೆಲವರಿಗಷ್ಟೇ. ಕೋಲ್ಕತ್ತದ ಮಾರ್ಕ್ವಿಸ್ ಸ್ಟ್ರೀಟ್ ಸುತ್ತಲಿನ ಲಾಡ್ಜು, ಹೋಟೆಲುಗಳು ಗಿರಾಕಿಗಳಿಲ್ಲದೆ ಬಣಗುಟ್ಟಿದವು. ಅಲ್ಲಿನ ವ್ಯಾಪಾರಿಗಳ ನಷ್ಟದ ಸುದ್ದಿ ನಮಗೆ ತಲುಪಿತು. ಆ ರೋಗಿಗಳು ಏನಾದರು?

ಸರಳ ಲಾಜಿಟ್ ಮಾಡೆಲ್ ಇದಕ್ಕೆ ಒಂದು ಉತ್ತರ ಕೊಡುತ್ತದೆ: ಒಂದು ಆಯ್ಕೆ ಇಲ್ಲವಾದರೆ ಅದರ ಜನ ಉಳಿದ ಆಯ್ಕೆಗಳಿಗೆ ಅವುಗಳ ಈಗಿನ ಪಾಲಿಗೆ ತಕ್ಕಂತೆ ಹಂಚಿಹೋಗುತ್ತಾರೆ. ಬ್ಯಾಂಕಾಕ್, ಸಿಂಗಪುರ, ಢಾಕಾ ಎಲ್ಲಕ್ಕೂ ಒಂದೊಂದು ಪಾಲು. ಈ ದೋಷವನ್ನು ವಿವರಿಸಲು ತರಗತಿಗಳಲ್ಲಿ ಕೆಂಪು ಬಸ್ಸು, ನೀಲಿ ಬಸ್ಸಿನ ಕತೆ ಹೇಳುತ್ತಾರೆ. ಕೆಂಪು ಬಸ್ಸು ನಿಂತರೆ ಅದರಲ್ಲಿದ್ದವರು ಹತ್ತುವುದು ನೀಲಿ ಬಸ್ಸನ್ನೇ ಹೊರತು, ಅರ್ಧ ಜನ ಕಾರು ಕೊಳ್ಳುವುದಿಲ್ಲ. ವೆಲ್ಲೂರಿಗೆ ಹೊರಟಿದ್ದ ಮಧ್ಯಮವರ್ಗದ ಕುಟುಂಬಕ್ಕೆ ಸಿಂಗಪುರ ಎಂಬುದು ಕಾರು. ಹಾಗಾಗಿ ಒಂದನ್ನೊಂದು ಹೋಲುವ ಆಯ್ಕೆಗಳನ್ನು ಒಂದೇ ಗುಂಪಿನಲ್ಲಿಟ್ಟು ಲೆಕ್ಕ ಹಾಕುವ ಸುಧಾರಿತ ಮಾಡೆಲ್ ಬೇಕಾಗುತ್ತದೆ. 2025ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ರೋಗಿಗಳ ಮೊದಲ ತಂಡ ಚೀನಾದ ಕುನ್ಮಿಂಗ್‌ಗೆ ಹೋಯಿತು. ಹೊಸದೊಂದು ನೀಲಿ ಬಸ್ಸು ಬಂದು ನಿಂತ ಹಾಗೆ. ಆದರೆ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋದವರೂ ಇರುತ್ತಾರೆ. ಆಗಮನದ ಪಟ್ಟಿಯಲ್ಲಿ ಸಂಖ್ಯೆ ಇಳಿದರೆ ರೋಗ ಇಳಿಯಿತು ಎಂದರ್ಥವಲ್ಲ.

ತಲಪಾಡಿಯ ಮಣ್ಣಿನ ಗುಡ್ಡೆ

ಇದೆಲ್ಲ ಹೊರದೇಶದವರ ಕತೆ ಎಂದುಕೊಳ್ಳಬೇಡಿ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಭಯದಿಂದ ಕರ್ನಾಟಕವು ಕೇರಳದ ಗಡಿ ರಸ್ತೆಗಳನ್ನು ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಕಾಸರಗೋಡಿನವರಿಗೆ, ಅಂದರೆ ಕನ್ನಡ, ತುಳು, ಮಲಯಾಳ ಮಾತಾಡುವ ಆ ಗಡಿ ಜನರಿಗೆ, ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಬರೀ 50 ಕಿ.ಮೀ. ದೂರ. ಮಂಗಳೂರು ತಲುಪಲಾಗದೆ ರೋಗಿಗಳು ಸತ್ತರು ಎಂದು ಕೇರಳ ಹೇಳಿತು. ತಡೆ ತೆಗೆಸಬೇಕೆಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಸೂಚಿಸಿತು. ರಾಜ್ಯದ ಗಡಿಯೂ ದೇಶದ ಗಡಿಯಷ್ಟೇ ಗಟ್ಟಿಯಾಗಬಲ್ಲದು ಎಂಬುದು ಆ ವಾರ ಗೊತ್ತಾಯಿತು.

ಗಡಿಯೇ ಇಲ್ಲದ ಕಡೆಯೂ ನೋಡಿ. ಉತ್ತರ ಕನ್ನಡದ ಕರಾವಳಿಯಲ್ಲಿ 'ಮಣಿಪಾಲಕ್ಕೆ ತಕಂಡು ಹೋದರಂತೆ' ಎಂದರೆ ಸಾಕು, ಪರಿಸ್ಥಿತಿ ಗಂಭೀರ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಅಲ್ಲಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ಮಾಡಿದರು. ಬೇರೆ ಊರುಗಳಲ್ಲಿ ದುಡಿಯುವ ಅಲ್ಲಿನ ಮಕ್ಕಳೂ ದನಿಗೂಡಿಸಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಬೇಡಿಕೆ ಮತ್ತೆ ಜೋರಾಯಿತು. ದಕ್ಷಿಣದ ಆಸ್ಪತ್ರೆಗಳಿಗೆ ಉತ್ತರ ಕನ್ನಡದಿಂದ ಎಷ್ಟು ರೋಗಿಗಳು ಬಂದರು ಎಂಬುದು ಆ ಆಸ್ಪತ್ರೆಗಳ ದಾಖಲೆಯಲ್ಲಿ ಸಿಗುತ್ತದೆ. ಆ ಸಂಖ್ಯೆ ಅವುಗಳ ಹೆಸರಿಗೆ ಸಾಕ್ಷಿಯಾದಷ್ಟೇ, ಜಿಲ್ಲೆಯಲ್ಲಿ ಇಲ್ಲದ ಆಸ್ಪತ್ರೆಗೂ ಸಾಕ್ಷಿ. ಹೊರಡಲು ಗಾಡಿ ಸಿಗದವರು, ಅರ್ಧ ದಾರಿಯಲ್ಲಿ ಜೀವ ಬಿಟ್ಟವರು ಆ ದಾಖಲೆಯಲ್ಲಿಲ್ಲ.

ಏನು ಕೇಳಬೇಕು?

ವೈದ್ಯಕೀಯ ಪ್ರವಾಸವನ್ನು ಉದ್ಯಮವಾಗಿ ಬೆಳೆಸುವ ಮಾತು ಈಗ ಎಲ್ಲೆಡೆ ಕೇಳುತ್ತದೆ. ಚೆನ್ನೈ, ಬೆಂಗಳೂರು, ಹೈದರಾಬಾದ್, ದೆಹಲಿ, ಮುಂಬೈ ಎಲ್ಲವೂ ಪೈಪೋಟಿಯಲ್ಲಿವೆ. ನಮ್ಮಲ್ಲಿ ಅನೇಕರ ಸಂಬಳವೂ ಆಸ್ಪತ್ರೆ, ವಿಮೆ, ಔಷಧ, ಸಾಫ್ಟ್‌ವೇರ್ ಕಂಪನಿಗಳ ಮೂಲಕ ಆ ಉದ್ಯಮದಿಂದಲೇ ಬರುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಮಾಡುವ ಕೆಲಸ ನಮ್ಮ ಕೈಗೆ ಬಂದಾಗ, ಬಂದವರು ಎಷ್ಟು ಎಂಬುದರಲ್ಲೇ ನಿಲ್ಲಿಸಬಾರದು.

ಇದಕ್ಕೆ ದೊಡ್ಡ ಗಣಿತವೇನೂ ಬೇಡ. ದಾಖಲಾತಿಯ ಫಾರಂನಲ್ಲಿ ನಾಲ್ಕು ಸಾಲು ಹೆಚ್ಚಿಗೆ ಇದ್ದರೆ ಸಾಕು. ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ತೋರಿಸಿದಿರಿ? ಎಷ್ಟು ದಿನ ಕಾದಿರಿ? ಹಣ ಎಲ್ಲಿಂದ ಬಂತು: ಉಳಿತಾಯವೇ, ಸಾಲವೇ, ಗದ್ದೆ ಮಾರಿದ್ದೇ? ನಿಮ್ಮೂರಲ್ಲಿ ಇದೇ ಕಾಯಿಲೆ ಇದ್ದೂ ಬರಲಾಗದವರು ಯಾರಾದರೂ ಇದ್ದಾರೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರ ಕರಾರುವಾಕ್ಕಾಗಿ ಇರುವುದಿಲ್ಲ. ಆದರೂ ಅದು ಆಸ್ಪತ್ರೆಯ ಗೋಡೆಯಾಚೆಗೆ ತೆರೆಯುವ ಒಂದು ಕಿಟಕಿ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ರೋಗಿಗಳು ಹೊರಡುವ ಊರಿನಲ್ಲೇ ಸಮೀಕ್ಷೆ ನಡೆಸಿ, ಹೋದವರನ್ನೂ ಉಳಿದವರನ್ನೂ ಒಟ್ಟಿಗೆ ಕೇಳುವುದು. ಅದಕ್ಕೆ ಖರ್ಚು ಹೆಚ್ಚು, ಸಮಯವೂ ಹೆಚ್ಚು. ಹಾಗಾಗಿಯೇ ಅದು ಕಡಿಮೆ ನಡೆಯುತ್ತದೆ.

ಮುಂದಿನ ಸಲ ಯಾವುದೋ ಸಮಾರಂಭದಲ್ಲಿ 'ಈ ವರ್ಷ ನಮ್ಮ ನಗರಕ್ಕೆ ಇಷ್ಟು ಲಕ್ಷ ರೋಗಿಗಳು ಬಂದರು' ಎಂದು ಯಾರಾದರೂ ಹೇಳಿದರೆ ಚಪ್ಪಾಳೆ ತಟ್ಟಿ. ಆಮೇಲೆ ಕೈ ಎತ್ತಿ, ಅವರು ಹೊರಟ ಊರಿನಲ್ಲಿ ಏನಿರಲಿಲ್ಲ, ಅಲ್ಲೇ ಉಳಿದವರು ಎಷ್ಟು ಎಂದು ಕೇಳಿ. ವೇದಿಕೆಯ ಮೇಲಿದ್ದವರ ಬಳಿ ಅಂಕಿ ಇಲ್ಲದಿರಬಹುದು. ಆದರೆ ಸಭೆಯಲ್ಲಿ ಕೂತ ಕಾಸರಗೋಡಿನವರೋ ಕುಮಟಾದವರೋ ಒಬ್ಬರಿಗೆ ಒಂದೆರಡು ಹೆಸರಾದರೂ ಗೊತ್ತಿರುತ್ತದೆ.